ಮಳೆಕಾಡಿನ ಬೆನ್ನಿಗೆ ಮುಳ್ಳುಕಾಡು



ಕಾಡು ಉಳಿಸುವ ಮಾತು ಬಂದಾಗಲೆಲ್ಲ ನಮ್ಮ ಸಭೆಯಲ್ಲಿ ಎರಡು ಪಕ್ಷಗಳಾಗುವುದು ವಾಡಿಕೆ. ಕಾಡು ಸರ್ಕಾರದ್ದು, ಅದರ ಗೊಡವೆ ನಮಗೇಕೆ ಎನ್ನುವವರು ಒಂದು ಕಡೆ. ಕಾಡಿನ ಹೆಸರು ಹೇಳಿಕೊಂಡು ನಾಳೆ ನಮ್ಮ ತೋಟಕ್ಕೇ ಬೇಲಿ ಹಾಕುತ್ತಾರೆ ಎಂದು ಹೆದರುವವರು ಇನ್ನೊಂದು ಕಡೆ. 2011ರ ಗಾಡ್ಗೀಳ್ ಸಮಿತಿಯ ವರದಿ ಮತ್ತು 2013ರ ಕಸ್ತೂರಿರಂಗನ್ ವರದಿ ಬಂದಂದಿನಿಂದ ಈ ಚರ್ಚೆ ನಮ್ಮಲ್ಲಿ ಮುಗಿದದ್ದೇ ಇಲ್ಲ. ಎರಡೂ ಪಕ್ಷದವರು ಓದಲಿ ಎಂಬ ಆಸೆಯಿಂದ, ನಮ್ಮ ಸೀಮೆಯಿಂದ ಸಮುದ್ರದಾಚೆ ಇರುವ ಒಂದು ಕಾಡಿನ ವಿಚಾರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಮಡಗಾಸ್ಕರ್ ದ್ವೀಪದ ಆಗ್ನೇಯ ಮೂಲೆಯಲ್ಲಿರುವ ಅಂದೊಹಹೇಲ ರಾಷ್ಟ್ರೀಯ ಉದ್ಯಾನ. ಒಂದೇ ಬೆಟ್ಟಸಾಲಿನ ಒಂದು ಮಗ್ಗುಲಲ್ಲಿ ಸದಾ ತೊಟ್ಟಿಕ್ಕುವ ಮಳೆಕಾಡು, ಇನ್ನೊಂದು ಮಗ್ಗುಲಲ್ಲಿ ಎಲೆಗಿಂತ ಮುಳ್ಳೇ ಹೆಚ್ಚಾಗಿರುವ ಒಣಕಾಡು. ಎರಡೂ ಒಂದೇ ಉದ್ಯಾನದಲ್ಲಿ ಸೇರಿವೆ.

ಕಾಫಿ ಅಡಿಕೆಯ ಪತ್ರಿಕೆಯಲ್ಲಿ ಮಡಗಾಸ್ಕರಿಗೆ ಏನು ಕೆಲಸ ಎಂದು ಕೇಳುವವರಿಗೆ ಒಂದು ಮಾತು. ನಮ್ಮ ಮನೆಯಂಗಳದ ನಿತ್ಯಪುಷ್ಪ, ಅಂದರೆ ಕೆಲವರು ಕಾಶಿ ಕಣಗಿಲೆ ಎನ್ನುವ ಗಿಡ, ಮಡಗಾಸ್ಕರ್ ಮೂಲದ್ದು. ಬೇಸಿಗೆಯಲ್ಲಿ ರಸ್ತೆಯುದ್ದಕ್ಕೂ ಕೆಂಪಾಗಿ ಅರಳುವ ಗುಲ್‌ಮೊಹರ್ ಅಲ್ಲಿಯದು. ಪೇಟೆಯ ನರ್ಸರಿಗಳಲ್ಲಿ ‘ಅರೇಕಾ ಪಾಮ್’ ಎಂಬ ಹೆಸರಿನಲ್ಲಿ ಕುಂಡಕ್ಕೆ ಹಾಕಿ ಮಾರುವ ಗಿಡ ನಮ್ಮ ಅಡಿಕೆಯಲ್ಲ, ಅದೂ ಆ ದ್ವೀಪದ್ದೇ. ಇಷ್ಟೇ ಅಲ್ಲ, ಸುಮಾರು 9 ಕೋಟಿ ವರ್ಷಗಳ ಹಿಂದಿನವರೆಗೆ ಮಡಗಾಸ್ಕರ್ ಮತ್ತು ನಮ್ಮ ದೇಶದ ನೆಲ ಒಂದಕ್ಕೊಂದು ಅಂಟಿಕೊಂಡಿದ್ದುವು. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಲ್ಲಿ ಕಂಬ ನಿಲ್ಲಿಸಿದಂತೆ ಕಾಣುವ ಕಲ್ಲುಗಳನ್ನು ನಮ್ಮಲ್ಲಿ ಬಹಳ ಜನ ನೋಡಿದ್ದಾರೆ. ಎರಡು ನೆಲಗಳು ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಲಾವಾ ಆರಿ ಆದ ಕಲ್ಲುಗಳು ಅವು ಎಂಬುದು ಭೂವಿಜ್ಞಾನಿಗಳ ನಿರ್ಣಯ. ಆದುದರಿಂದ ತೀರ ಪರಕೀಯರ ಮಾತಲ್ಲ ಇದು.

ನಾನು ಅಲ್ಲಿಗೆ ಹೋದುದು ನನ್ನ ಅಳಿಯಂದಿರ ದೆಸೆಯಿಂದ. ಅವರು ಮಾರಿಷಸ್ಸಿನಲ್ಲಿ ಉದ್ಯೋಗದಲ್ಲಿದ್ದು, ಮಗಳ ಬಾಣಂತನ ಮುಗಿಸಿ ಹೊರಡುವ ಮೊದಲು ಪಕ್ಕದ ದ್ವೀಪವನ್ನೂ ನೋಡಿಕೊಂಡು ಹೋಗಿ ಮಾವಯ್ಯ ಎಂದು ಒತ್ತಾಯ ಮಾಡಿದರು. ಅವರಿಗೆ ಫ್ರೆಂಚ್ ಬರುವುದರಿಂದ ಭಾಷೆಯ ತೊಡಕು ಆಗಲಿಲ್ಲ. ರಾಜಧಾನಿ ಅಂಟನನರಿವೊದಿಂದ ವಿಮಾನದಲ್ಲಿ ಸಮುದ್ರ ತೀರದ ಫೋರ್ಟ್ ಡೋಫಿನ್ ಎಂಬ ಊರಿಗೆ ಬಂದು ಇಳಿದೆವು. ಸ್ವದೇಶಿ ಹೆಸರು ತೊಲನಾರು. ಉದ್ಯಾನ ಅಲ್ಲಿಂದ ವಾಯವ್ಯಕ್ಕೆ ಸುಮಾರು 25 ಮೈಲಿ. ದೂರ ಹೆಚ್ಚಲ್ಲವಾದರೂ ಆ ಹೆದ್ದಾರಿಯನ್ನು ಹೆದ್ದಾರಿ ಎನ್ನುವುದು ಉಪಚಾರದ ಮಾತು. ನಮ್ಮ ಘಟ್ಟದ ರಸ್ತೆಗಳ ಬಗ್ಗೆ ಮನವಿ ಬರೆದು ಬರೆದು ಕೈ ಸೋತ ನನಗೆ ಕೂಡ ಅಲ್ಲಿ ಕುಳಿತು ಬೆನ್ನು ಹಿಡಿಯಿತು.

ಊರು ಬಿಟ್ಟ ಮೇಲೆ ಮೊದಲು ಕಾಣುವುದು ನಮ್ಮದೇ ನೋಟ. ತಗ್ಗಿನಲ್ಲಿ ಭತ್ತದ ಗದ್ದೆ, ದಿಣ್ಣೆಯ ಮೇಲೆ ಬಾಳೆ, ಲಿಚಿ ಮರ, ಬೀಸಣಿಗೆಯಂತೆ ಎಲೆ ಹರಡಿದ ರವೆನಾಲ. ನಮ್ಮಲ್ಲಿ ಬಂಗಲೆಗಳ ಮುಂದೆ ಶೋಭೆಗೆ ನೆಡುವ ‘ಟ್ರಾವೆಲರ್ಸ್ ಪಾಮ್’ ಎಂಬುದೇ ಆ ರವೆನಾಲ. ಬಲಗಡೆ ಮೋಡ ಹೊದ್ದ ಬೆಟ್ಟಸಾಲು. ಮುಂದೆ ಹೋದಂತೆ ಹಸಿರು ತೆಳುವಾಗುತ್ತದೆ. ರಾನುಪಿಸು ಎಂಬ ಹಳ್ಳಿಯ ಸುತ್ತ ವಿಚಿತ್ರವಾದ ಒಂದು ತಾಳೆಜಾತಿಯ ಮರ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಗದ್ದೆ ಇಲ್ಲ, ರವೆನಾಲ ಇಲ್ಲ. ಕಂಬಕಂಬವಾಗಿ ನಿಂತ ಮುಳ್ಳುಮರಗಳು, ಕಳ್ಳಿ, ಕೆಂಪು ಧೂಳು. ಆಗುಂಬೆಯಲ್ಲಿ ಕೊಡೆ ಮಡಿಚಿ ಹೊರಟು, ಕೊಪ್ಪ, ಚಿಕ್ಕಮಗಳೂರು ದಾಟಿ ಕಡೂರಿನ ಬಯಲಿಗೆ ಇಳಿದಂತೆ. ಆದರೆ ನಾವು ಅರ್ಧ ದಿನದಲ್ಲಿ ಕಾಣುವ ಬದಲಾವಣೆ ಅಲ್ಲಿ ಕೆಲವೇ ಮೈಲಿಗಳಲ್ಲಿ ಆಗಿಹೋಗುತ್ತದೆ.

ಕಾರಣ ನಮಗೆ ತಿಳಿದದ್ದೇ, ದಿಕ್ಕು ಮಾತ್ರ ಉಲ್ಟಾ. ನಮಗೆ ಮುಂಗಾರು ಪಶ್ಚಿಮದಿಂದ ಬಂದು ಘಟ್ಟಕ್ಕೆ ಬಡಿದು ಮಳೆ ಸುರಿಸುತ್ತದೆ, ಪೂರ್ವದ ಬಯಲುಸೀಮೆ ಮಳೆ ನೆರಳಿನಲ್ಲಿ ಉಳಿಯುತ್ತದೆ. ಅಲ್ಲಿ ಹಿಂದೂ ಮಹಾಸಾಗರದ ಮೇಲಿಂದ ವರ್ಷವಿಡೀ ಬೀಸುವ ಆಗ್ನೇಯ ಮಾರುತ ಪೂರ್ವದಿಂದ ಬಂದು ಅನೋಸಿ ಬೆಟ್ಟಗಳಿಗೆ ಬಡಿಯುತ್ತದೆ. ಅತಿ ಎತ್ತರದ ಶಿಖರ 1900 ಮೀಟರಿಗೂ ಮೇಲೆ, ಅಂದರೆ ನಮ್ಮ ಮುಳ್ಳಯ್ಯನಗಿರಿಗೆ ಹೆಚ್ಚುಕಡಿಮೆ ಸಾಟಿ. ಪೂರ್ವದ ಇಳಿಜಾರಿನಲ್ಲಿ ವರ್ಷಕ್ಕೆ 60ರಿಂದ 80 ಇಂಚು ಮಳೆ. ಪಶ್ಚಿಮಕ್ಕೆ ಇಳಿದರೆ 25 ಇಂಚು ಬಿದ್ದರೆ ಒಳ್ಳೆಯ ವರ್ಷ.

ಉದ್ಯಾನದ ಒಟ್ಟು ವಿಸ್ತೀರ್ಣ 76,020 ಹೆಕ್ಟೇರು. ಅದು ಒಂದೇ ತುಂಡಾಗಿಲ್ಲ, ಮೂರು ಬೇರೆ ಬೇರೆ ತುಂಡು. ಮಳೆಕಾಡಿನ ತುಂಡು 63,100 ಹೆಕ್ಟೇರು. ಮುಳ್ಳುಕಾಡಿನದು 12,420. ಎರಡರ ನಡುವೆ, ಹಸಿಯೂ ಅಲ್ಲದ ಒಣಗಲೂ ಅಲ್ಲದ ಸಂಧಿಯ ಕಾಡು ಕೇವಲ 500 ಹೆಕ್ಟೇರು, ನಮ್ಮ ಲೆಕ್ಕದಲ್ಲಿ 1,235 ಎಕರೆ. ನಮ್ಮ ಜಿಲ್ಲೆಗಳ ಹಳೆಯ ಕಂಪನಿ ಎಸ್ಟೇಟುಗಳಲ್ಲಿ ಇದಕ್ಕಿಂತ ದೊಡ್ಡವು ಇವೆ. ಫ್ರೆಂಚರ ಆಳ್ವಿಕೆಯಲ್ಲಿ 1939ರಲ್ಲಿ ಇದನ್ನು ಯಾರೂ ಕಾಲಿಡಬಾರದ ಮೀಸಲು ಎಂದು ಘೋಷಿಸಿದರು. ದೇಶ ಸ್ವತಂತ್ರವಾದದ್ದು 1960ರಲ್ಲಿ. 1998ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಗಿ ಜನರಿಗೆ ತೆರೆಯಿತು.

ಆ 500 ಹೆಕ್ಟೇರಿನ ಪುಟ್ಟ ತುಂಡನ್ನೇ ನಾನು ಹೆಚ್ಚು ಹೊತ್ತು ನೋಡಿದೆ. ತ್ಸಿಮೆಲಾಹಿ ಎಂಬ ಹಳ್ಳಿಯ ಮಗ್ಗುಲಲ್ಲಿ ಬಂಡೆಗಳ ನಡುವೆ ಹೊಳೆಯೊಂದು ಇಳಿಯುತ್ತದೆ, ಅಲ್ಲಲ್ಲಿ ತಿಳಿನೀರಿನ ಗುಂಡಿಗಳು. ನೀರಿನ ಪಕ್ಕ ನಿಂತರೆ ನಮ್ಮ ಹಳ್ಳದ ಬದಿಯ ತಂಪು. ಹತ್ತು ಮಾರು ಏರಿ ಬಂಡೆಯ ನೆತ್ತಿಗೆ ಹೋದರೆ ಮುಳ್ಳು, ಕಳ್ಳಿ, ಆನೆಯ ಕಾಲಿನಂತೆ ಬುಡ ಊದಿದ ಗಿಡಗಳು. ನಡುವೆ ನಿಂತಿರುವುದೇ ನಾನು ಮೇಲೆ ಹೇಳಿದ ತಾಳೆಜಾತಿಯ ಮರ. ಅದರ ಸೋಗೆಗಳು ಕಾಂಡದ ಸುತ್ತ ಮೂರೇ ಸಾಲಿನಲ್ಲಿ ಹೊರಡುತ್ತವೆ. ತಲೆಯನ್ನು ಕೆಳಗಿನಿಂದ ನೋಡಿದರೆ ಮಟ್ಟಗೋಲು ಹಿಡಿದು ಬರೆದ ತ್ರಿಕೋಣ. ಬೆಂಗಳೂರಿನ ಹೋಟೆಲುಗಳ ಅಂಗಳದಲ್ಲಿ ಕೂಡ ಈ ತ್ರಿಕೋಣದ ಪಾಮ್ ಇದೆ. ಬೀಜ ಪ್ರಪಂಚದ ಎಲ್ಲ ಕಡೆಗೂ ಹೋಗಿದೆ. ಆದರೆ ಅದು ತಾನಾಗಿ ಹುಟ್ಟಿ ಬೆಳೆಯುವುದು ಈ ಸಂಧಿಯ ಪಟ್ಟಿಯೊಳಗೆ ಮಾತ್ರ. ಅಡಿಕೆಯ ಕುಟುಂಬದ ಮರ. ಹೊಂಬಾಳೆ ನೋಡಿದರೆ ನಮ್ಮವರು ಯಾರಾದರೂ ಗುರುತು ಹಿಡಿಯುತ್ತಾರೆ. ಅಡಿಕೆಗೆ ಇಷ್ಟು ಕಡಿಮೆ ನೀರು ಸಾಕಾಗಿದ್ದರೆ ನಮ್ಮ ಎಷ್ಟು ಜನರ ಬೋರ್‌ವೆಲ್ ಸಾಲ ಉಳಿಯುತ್ತಿತ್ತು ಎಂದು ನನ್ನೊಳಗೇ ಲೆಕ್ಕ ಹಾಕಿದೆ.

ಉದ್ಯಾನದೊಳಗೆ ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಹೋಗುವಂತಿಲ್ಲ. ನಮ್ಮ ಜೊತೆ ಬಂದವನು ಆ ಹಳ್ಳಿಯ ರೈತನೇ, ನಲವತ್ತರ ಆಸುಪಾಸಿನವನು. ಮರದ ಹೆಸರು, ಹಕ್ಕಿಯ ಹೆಸರು ಎಲ್ಲ ಹೇಳಿದ. ಅವನಿಗೆ ನಿಜವಾದ ಉತ್ಸಾಹ ಬಂದದ್ದು ನಾನು ಗದ್ದೆಯ ವಿಷಯ ಕೇಳಿದಾಗ. ಹೊಳೆಯ ನೀರನ್ನು ಕಾಲುವೆ ಕಟ್ಟಿ ತಿರುಗಿಸಿಕೊಂಡು ಕೆಳಗೆ ಭತ್ತ ಮಾಡುತ್ತಾನೆ. ಮೇಲೆ ಮಳೆಕಾಡಿನ ಕಡೆಗೆ ಕೈ ತೋರಿಸಿ, “ಅಲ್ಲಿ ಕಡಿದರೆ ಇಲ್ಲಿ ಒಣಗುತ್ತದೆ ಎಂದು ನಮ್ಮ ಅಜ್ಜಂದಿರಿಗೆ ಯಾವ ಆಫೀಸರೂ ಹೇಳಿಕೊಡಬೇಕಾಗಿರಲಿಲ್ಲ” ಎಂದ. ಸ್ವಲ್ಪ ತಡೆದು, “ಆದರೆ ಅಲ್ಲಿ ಕಡಿಯುವವನಿಗೂ ಹೊಟ್ಟೆಯಿದೆಯಲ್ಲ” ಎಂದೂ ಸೇರಿಸಿದ. ಅಳಿಯಂದಿರು ಎರಡನೆಯ ಮಾತನ್ನು ಅನುವಾದಿಸಲು ಹಿಂದುಮುಂದು ನೋಡಿದರು. ಮೊದಲನೆಯದಕ್ಕಿಂತ ಅದೇ ಮುಖ್ಯ ಎಂದು ನನಗೆ ತೋರಿತು.

ಮುಳ್ಳುಕಾಡಿನ ವಿಷಯ ಸ್ವಲ್ಪ ಬರೆಯಲೇಬೇಕು, ಏಕೆಂದರೆ ಅಂಥದು ನಮ್ಮ ದೇಶದಲ್ಲಿಲ್ಲ. ಅಲ್ಲಿ ಹೆಚ್ಚಾಗಿರುವುದು ಅಲುವಾಡಿಯ ಎಂಬ ಮರ. 40-50 ಅಡಿ ಎತ್ತರ, ಕೊಂಬೆ ಕಡಿಮೆ, ಬುಡದಿಂದ ತುದಿಯವರೆಗೆ ಮುಳ್ಳು. ನಮ್ಮ ಹಾಲುವಾಣದ ಮುಳ್ಳು ಇದರ ಮುಂದೆ ಏನೂ ಅಲ್ಲ. ಮಳೆ ಬಂದಾಗ ಕಾಂಡದ ಮೈಯಿಂದಲೇ, ಮುಳ್ಳುಗಳ ಮಗ್ಗುಲಲ್ಲಿ, ಕಾಸಿನಗಲದ ಎಲೆಗಳು ಹೊರಡುತ್ತವೆ. ಬರ ಬಂದರೆ ಎಲೆಗಳನ್ನು ಉದುರಿಸಿ ಸುಮ್ಮನೆ ನಿಲ್ಲುತ್ತದೆ. ನೋಡಲು ಕಳ್ಳಿಯಂತಿದ್ದರೂ ಕಳ್ಳಿಯಲ್ಲ. ಮಡಗಾಸ್ಕರಿನ ದಕ್ಷಿಣ ಮತ್ತು ನೈಋತ್ಯ ಭಾಗ ಬಿಟ್ಟು ಬೇರೆಲ್ಲೂ ಅದು ಸಹಜವಾಗಿ ಬೆಳೆಯುವುದಿಲ್ಲ. ಆ ಕಡೆಯ ಅಂತಂದ್ರೊಯ್ ಜನರು ಇದೇ ಮರದ ಹಲಗೆಯಿಂದ ಮನೆ ಕಟ್ಟುತ್ತಾರೆ, ಇದ್ದಿಲನ್ನೂ ಸುಡುತ್ತಾರೆ. ಬವೋಬಾಬ್ ಮರವೂ ಅಲ್ಲಿದೆ. ಸವಣೂರಿನ ದೊಡ್ಡಹುಣಸೆ ಮಠದ ಮರಗಳು ಆಫ್ರಿಕದ ಜಾತಿ. ಪ್ರಪಂಚದ 8 ಬವೋಬಾಬ್ ಜಾತಿಗಳಲ್ಲಿ 6 ಮಡಗಾಸ್ಕರಿನವೇ.

ಈ ಮುಳ್ಳಿನ ಕಂಬಗಳ ನಡುವೆ ಬೆಳ್ಳಗೆ ಹೊಳೆಯುವ ಸಿಫಾಕ ಎಂಬ ಲೀಮರ್ ಮರದಿಂದ ಮರಕ್ಕೆ ಹಾರುತ್ತದೆ. ಮುಳ್ಳಿನ ಮೇಲೆಯೇ ಬಂದು ಕೂರುತ್ತದೆ, ಅಂಗೈಗೆ ಏನೂ ಆಗುವುದಿಲ್ಲ. ನೆಲಕ್ಕಿಳಿದರೆ ಎರಡು ಕಾಲಿನ ಮೇಲೆ ಅಡ್ಡಡ್ಡಲಾಗಿ ಕುಪ್ಪಳಿಸುತ್ತದೆ. ನಮ್ಮ ತೋಟಗಳ ನೆರಳು ಮರಗಳಲ್ಲಿ ರಾತ್ರಿ ಕಾಣುವ ಕಾಡುಪಾಪಕ್ಕೆ ಈ ಲೀಮರುಗಳು ದೂರದ ದಾಯಾದಿಗಳು.

ಇಷ್ಟಾದರೂ ಆ ಒಣ ಸೀಮೆಯ ಜನಜೀವನ ಸುಖದ್ದಲ್ಲ. ಅಲ್ಲಿ ಬರಗಾಲದ ಹಸಿವಿಗೆ ಒಂದು ಪ್ರತ್ಯೇಕ ಶಬ್ದವಿದೆ, ಅದರ ಉಚ್ಚಾರಣೆ ಹೆಚ್ಚುಕಡಿಮೆ ನಮ್ಮ ‘ಕೆರೆ’. ನಮಗೆ ನೀರು ಎಂದು ಕೇಳಿಸುವ ಶಬ್ದ ಅವರಿಗೆ ಕ್ಷಾಮ. 2019ರಿಂದ 2021ರವರೆಗೆ ಸತತವಾಗಿ ಮಳೆ ಕೈಕೊಟ್ಟು ಆ ಪ್ರಾಂತ ನರಳಿತು. 2021ರ ಮಧ್ಯಭಾಗದಲ್ಲಿ 11 ಲಕ್ಷಕ್ಕೂ ಮಿಕ್ಕಿ ಜನರಿಗೆ ಆಹಾರದ ನೆರವು ಬೇಕಾಗಿತ್ತೆಂದು ವಿಶ್ವ ಆಹಾರ ಕಾರ್ಯಕ್ರಮ ತಿಳಿಸಿತು. ಇದು ಹವಾಮಾನ ಬದಲಾವಣೆಯಿಂದಲೇ ಬಂದ ಕ್ಷಾಮ ಎಂದು ಪತ್ರಿಕೆಗಳು ಬರೆದುವು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಹವಾಮಾನ ತಜ್ಞರ ತಂಡವೊಂದು ಲೆಕ್ಕ ಹಾಕಿ, ಎರಡು ಮಳೆಗಾಲಗಳಲ್ಲಿ ವಾಡಿಕೆಯ ಶೇಕಡ 60ರಷ್ಟೇ ಮಳೆಯಾದುದು ನಿಜ, ಅದರಲ್ಲಿ ಹವಾಮಾನ ಬದಲಾವಣೆಯ ಪಾಲು ಬಹಳ ಸಣ್ಣದು, ಜನರ ಬಡತನ ಮತ್ತು ಮಳೆಯೊಂದನ್ನೇ ನಂಬಿದ ಬೇಸಾಯವೇ ಬರವನ್ನು ಕ್ಷಾಮವಾಗಿಸಿತು ಎಂಬ ಅಭಿಪ್ರಾಯಕ್ಕೆ ಬಂದಿತು. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಈಚೆಗೆ ನಮ್ಮಲ್ಲಿಯೂ ಹೂಮಳೆ ತಪ್ಪಿದರೂ, ಕೊಳೆರೋಗ ಹೆಚ್ಚಿದರೂ ಹವಾಮಾನ ಬದಲಾವಣೆ ಎಂದು ಹೇಳಿ ಕೈತೊಳೆದುಕೊಳ್ಳುವ ಅಭ್ಯಾಸ ಆಗುತ್ತಿದೆ. ಕೆಲವಕ್ಕೆ ಅದು ಕಾರಣವಿರಬಹುದು, ಎಲ್ಲಕ್ಕೂ ಅಲ್ಲ.

ಆ ಸೀಮೆಯ ಕಷ್ಟದಲ್ಲಿ ಮನುಷ್ಯನ ಕೈವಾಡ ಹಳೆಯದು. ಪಾಪಾಸುಕಳ್ಳಿಯನ್ನು ನಮ್ಮ ಹಿರಿಯರು ಬಲ್ಲರು. ಅಮೆರಿಕ ಮೂಲದ ಈ ಕಳ್ಳಿಯನ್ನು 18ನೆಯ ಶತಮಾನದಲ್ಲಿ ಫ್ರೆಂಚರು ಫೋರ್ಟ್ ಡೋಫಿನ್ನಿಗೆ ತಂದರು. ಅದು ದಕ್ಷಿಣವನ್ನೆಲ್ಲ ಹಬ್ಬಿ, ಜನರಿಗೆ ಹಣ್ಣು, ದನಗಳಿಗೆ ನೀರುಮೇವು, ಊರಿಗೆ ಬೇಲಿ ಎಲ್ಲವೂ ಆಯಿತು. 1920ರ ದಶಕದಲ್ಲಿ ಅದನ್ನು ನಾಶಮಾಡುವ ಕಾಕಿನೀಲ್ ಕೀಟವನ್ನು ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳ್ಳಿ ಸತ್ತಿತು, ಹಿಂದೆಯೇ ದನಗಳು, ಹಿಂದೆಯೇ ಮನುಷ್ಯರು. ಅದೇ ದಶಕದಲ್ಲಿ, 1926ರಲ್ಲಿ, ನಮ್ಮ ದೇಶಕ್ಕೂ ಈ ಬಗೆಯ ಕೀಟವನ್ನು ತಂದು ಪಾಪಾಸುಕಳ್ಳಿಯನ್ನು ಅಡಗಿಸಿದರು. ನಮಗೆ ಅದು ಬರೀ ಕಳೆಯಾಗಿದ್ದುದರಿಂದ ಉಪಕಾರವಾಯಿತು. ಅಲ್ಲಿ ಅದು ಅನ್ನವಾಗಿತ್ತು. ಕೀಟ ಒಂದೇ, ಬಿಡುವ ಮೊದಲು ಅಲ್ಲಿಯ ರೈತನನ್ನು ಕೇಳಲಿಲ್ಲ ಅಷ್ಟೆ.

ತೋಟಗಾರರ ಮಾತನ್ನೂ ಮುಚ್ಚಿಡಬಾರದು. ಉದ್ಯಾನದ ಪಶ್ಚಿಮಕ್ಕೆ ಮಂಡ್ರಾರೆ ನದಿಯ ಕಣಿವೆಯಲ್ಲಿ 1920ರ ದಶಕದ ಕೊನೆಯಿಂದ ಫ್ರೆಂಚ್ ಪ್ಲಾಂಟರುಗಳು ಮುಳ್ಳುಕಾಡು ಕಡಿದು ಸಾವಿರಾರು ಎಕರೆ ಕತ್ತಾಳೆ, ಅಂದರೆ ಹಗ್ಗದ ನಾರಿನ ಸಿಸಲ್, ಹಾಕಿದರು. ಈಗಲೂ ದಿಗಂತದವರೆಗೆ ಅದೇ ಸಾಲು. ಆ ಪ್ಲಾಂಟರುಗಳಲ್ಲಿ ದ ಹೋಲ್ಮ್ ಎಂಬ ಕುಟುಂಬದವರು 1936ರಲ್ಲಿ ಬೆರೆಂಟಿ ಎಂಬಲ್ಲಿ ನದೀತೀರದ ಹುಣಸೆ ಕಾಡಿನ ಒಂದು ಭಾಗವನ್ನು ಕಡಿಯದೆ ಮೀಸಲಿಟ್ಟರು. 1963ರಿಂದ ಆಲಿಸನ್ ಜಾಲಿ ಎಂಬ ವಿಜ್ಞಾನಿ ಅಲ್ಲಿ ಬಾಲದಲ್ಲಿ ಉಂಗುರಗಳಿರುವ ಲೀಮರುಗಳನ್ನು ಅಭ್ಯಾಸ ಮಾಡಿ ಲೋಕಪ್ರಸಿದ್ಧರಾದರು. ಪ್ಲಾಂಟರು ಕಾಡನ್ನು ಕಾಪಾಡಿದನೋ, ನುಂಗಿದನೋ? ಎರಡೂ ಸತ್ಯ. ಉಳಿಸಿದ್ದು ಸ್ವಲ್ಪ, ಕಡಿದದ್ದು ಬಹಳ. ಆದರೆ ಆ ಸ್ವಲ್ಪ ಉಳಿಯದಿದ್ದರೆ ಆ ಹೊಳೆಯ ದಡದಲ್ಲಿ ಹಿಂದೆ ಏನಿತ್ತು ಎಂಬುದಕ್ಕೆ ಸಾಕ್ಷಿಯೂ ಇರುತ್ತಿರಲಿಲ್ಲ. ಸಿಲ್ವರ್ ಓಕ್ ಒಂದನ್ನೇ ನೆಟ್ಟು ಹಳೆಯ ನೆರಳು ಮರಗಳನ್ನೆಲ್ಲ ಟಿಂಬರಿಗೆ ಕೊಡುವ ನಮ್ಮ ಸದಸ್ಯರು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ.

ಇನ್ನು ಕಾಫಿಯ ಮಾತು. ಮಡಗಾಸ್ಕರಿನ ಪೂರ್ವ ಕರಾವಳಿಯ ಸಣ್ಣ ರೈತರು ರೋಬಸ್ಟಾ ಬೆಳೆಯುತ್ತಾರೆ. ಒಂದು ಕಾಲಕ್ಕೆ ಆ ದೇಶದ ರಫ್ತಿನಲ್ಲಿ ಕಾಫಿಗೆ ದೊಡ್ಡ ಸ್ಥಾನವಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿದ್ದ ಮೇಲೆ ನಮಗಾದ ಪೆಟ್ಟನ್ನು ಹಳೆಯ ಸದಸ್ಯರು ಮರೆತಿರಲಾರರು. ಅವರಿಗೂ ಅದೇ ಪೆಟ್ಟು ಬಿದ್ದಿತು, ಮತ್ತೆ ಏಳಲಾಗಲಿಲ್ಲ. ಆದರೆ ಬೆಳೆಯುವ ಕಾಫಿಗಿಂತ ಅಲ್ಲಿಯ ಕಾಡುಕಾಫಿಯೇ ದೊಡ್ಡ ಆಸ್ತಿ. ಪ್ರಪಂಚದಲ್ಲಿ ಗುರುತಿಸಿರುವ 120ಕ್ಕೂ ಹೆಚ್ಚು ಕಾಫಿ ಜಾತಿಗಳಲ್ಲಿ ಸುಮಾರು ಅರ್ಧ ಮಡಗಾಸ್ಕರಿನ ಕಾಡುಗಳಲ್ಲಿವೆ. ಮಳೆಕಾಡಿಗೆ ಹೊಂದಿದ ಜಾತಿಗಳಿವೆ, ಒಣಕಾಡಿಗೆ ಹೊಂದಿದ ಜಾತಿಗಳೂ ಇವೆ. ಹೆಚ್ಚಿನವುಗಳ ಬೀಜದಲ್ಲಿ ಕೆಫೀನ್ ಇಲ್ಲ, ಇದ್ದರೆ ತೀರ ಅತ್ಯಲ್ಪ. ಕೆಫೀನ್ ಇಲ್ಲದ ಕಾಫಿ ಮರದಲ್ಲೇ ಸಿಗುವುದಾದರೆ ಎಷ್ಟು ಚೆನ್ನ ಎಂದು ಆಸೆಪಟ್ಟವರು ಉಂಟು. ಆದರೆ ಕುಡಿದರೆ ಬೇರೆ ಬಗೆಯ ಕಹಿ, ಅರೇಬಿಕಾ ರೋಬಸ್ಟಾಗಳೊಡನೆ ಸಂಕರವೂ ಸುಲಭವಾಗಿ ಕೂಡುವುದಿಲ್ಲ. ಈ ಜಾತಿಗಳನ್ನು ಸಂಗ್ರಹಿಸಿ ಬೆಳೆಸುವ ಸಂಶೋಧನಾ ತೋಟವೊಂದು ಪೂರ್ವ ಭಾಗದ ಕಿಯಾಂಜವಾಟೊ ಎಂಬಲ್ಲಿ 1960ರ ದಶಕದಿಂದಲೂ ಇದೆ.

ಕಾಡುಕಾಫಿಯಿಂದ ನಮಗೇನು ಎಂದು ಬೆಳೆಗಾರ ಕೇಳುವಂತಿಲ್ಲ. ನಮ್ಮ ತೋಟಗಳ ಎಸ್. 795 ತಳಿಯ ಪೂರ್ವಿಕರಲ್ಲಿ ಲೈಬೀರಿಕ ಸೇರಿದೆ. ಸಿ x ಆರ್ ಎಂದು ನಾವು ಕರೆಯುವ ರೋಬಸ್ಟಾದಲ್ಲಿ ಕಾಂಜೆನ್ಸಿಸ್ ಎಂಬ ಕಾಡುಜಾತಿ ಬೆರೆತಿದೆ. ಯಾವುದೋ ದೇಶದ ಯಾವುದೋ ಕಾಡಿನಲ್ಲಿ ಯಾರೂ ಕಡಿಯದೆ ಬಿಟ್ಟ ಗಿಡದ ಉಪಕಾರ ನಮ್ಮ ಮೇಲೆ ಈಗಾಗಲೇ ಇದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ 124 ಕಾಡುಕಾಫಿ ಜಾತಿಗಳನ್ನು ಪರಿಶೀಲಿಸಿ, ಶೇಕಡ 60ರಷ್ಟು ಅಳಿವಿನ ಅಪಾಯದಲ್ಲಿವೆ ಎಂದಿದೆ. ಫೋರ್ಟ್ ಡೋಫಿನ್ ಸಮೀಪದ ಕರಾವಳಿ ಕಾಡಿನಲ್ಲಿ ಮಾತ್ರ ಇರುವ ಕಾಮರ್ಸೋನಿಯಾನ ಎಂಬ ಜಾತಿಯ ನೆಲೆ ಇಲ್ಮನೈಟ್ ಅದಿರಿನ ಗಣಿ ಪ್ರದೇಶದೊಳಗೆ ಬರುತ್ತದೆ.

ಹಾಗಾದರೆ ಕಾಡನ್ನು ಉಳಿಸುವ ಖರ್ಚು ಯಾರು ಕೊಡಬೇಕು? ನಾನು ಈ ಲೇಖನ ಬರೆಯಲು ಹೊರಟದ್ದೇ ಈ ಪ್ರಶ್ನೆಗಾಗಿ. ಮಡಗಾಸ್ಕರಿನಲ್ಲಿ 1990ರ ದಶಕದಲ್ಲಿ ಒಂದು ಪದ್ಧತಿ ತಂದರು. ಉದ್ಯಾನ ನೋಡಲು ಬರುವವರು ಕೊಡುವ ಪ್ರವೇಶ ಶುಲ್ಕದಲ್ಲಿ ಅರ್ಧದಷ್ಟನ್ನು ಸುತ್ತಲಿನ ಹಳ್ಳಿಗಳ ಕೆಲಸಗಳಿಗೆ, ಅಂದರೆ ಶಾಲೆ, ಬಾವಿ, ಕಾಲುವೆ ಇತ್ಯಾದಿಗಳಿಗೆ ಕೊಡುವುದು. ಕೇಳಲು ಬಹಳ ನ್ಯಾಯವಾಗಿದೆ. ನಮ್ಮ ದೇಶದ ಎಷ್ಟು ಅಭಯಾರಣ್ಯಗಳಲ್ಲಿ ಇಷ್ಟು ಉದಾರತೆ ಇದೆ? ಆದರೆ ಇದರ ದೋಷ ಆಚರಣೆಯಲ್ಲಿ ಗೊತ್ತಾಗುತ್ತದೆ. 2009ರಲ್ಲಿ ರಾಜಧಾನಿಯಲ್ಲಿ ಅಧಿಕಾರ ಬಲಾತ್ಕಾರವಾಗಿ ಕೈ ಬದಲಾಯಿತು, ಪ್ರವಾಸಿಗರು ಬರುವುದು ಕಡಿಮೆಯಾಯಿತು. 2020ರಲ್ಲಿ ಕೋವಿಡ್ ಬಂದು ದೇಶದ ಬಾಗಿಲೇ ಮುಚ್ಚಿತು. ರಸ್ತೆ ಕೆಟ್ಟದ್ದು, ದನಗಳ್ಳರ ಭಯ ಬೇರೆ. ಆದುದರಿಂದ ಒಳ್ಳೆಯ ವರ್ಷದಲ್ಲೂ ಅಂದೊಹಹೇಲಕ್ಕೆ ಹೋಗುವವರು ಅಷ್ಟಕ್ಕಷ್ಟೇ. ಶೂನ್ಯದ ಅರ್ಧ ಶೂನ್ಯವೇ ತಾನೆ. ಪ್ರವಾಸಿ ಬಾರದ ವರ್ಷ ಹಳ್ಳಿಯವನ ಕಡೆಗೆ ಕಾಡಿನಿಂದ ಹಣ ಬರಲಿಲ್ಲ, ಆದರೆ ಕಾಡಿನೊಳಗೆ ಹೋಗಬಾರದೆಂಬ ಕಾನೂನು ಮಾತ್ರ ಹಾಗೆಯೇ ಇತ್ತು.

ಲೋಕದ ಮಾನ್ಯತೆಯ ಕತೆಯೂ ಇಂಥದೇ. 2007ರಲ್ಲಿ ಅಂದೊಹಹೇಲ ಸೇರಿದಂತೆ ಪೂರ್ವದ 6 ಉದ್ಯಾನಗಳನ್ನು ಒಟ್ಟಾಗಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಉತ್ತರದ ಉದ್ಯಾನಗಳಲ್ಲಿ ಬೀಟೆಯ ಜಾತಿಯ ಬೆಲೆಬಾಳುವ ಮರಗಳ ಕಳ್ಳಸಾಗಣೆ ಮಿತಿಮೀರಿ, 2010ರಲ್ಲಿ ಆರನ್ನೂ ಅಪಾಯದ ಪಟ್ಟಿಗೆ ಹಾಕಿದರು. 2025ರಲ್ಲಿ ಆ ಪಟ್ಟಿಯಿಂದ ಕೈಬಿಟ್ಟರು. ಈ ಹದಿನೈದು ವರ್ಷ ತ್ಸಿಮೆಲಾಹಿಯ ರೈತನಿಗೆ ಯಾವುದು ಏರಿತು, ಯಾವುದು ಇಳಿಯಿತು? ನಾನು ಕೇಳಿದಾಗ ಅವನಿಗೆ ಪಟ್ಟಿಯ ವಿಷಯವೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೊಳೆಯಲ್ಲಿ ಯಾವ ತಿಂಗಳು ಎಷ್ಟು ನೀರು ಎಂಬುದು.

ನನ್ನ ಅಭಿಪ್ರಾಯವಿಷ್ಟು. ಬೆಟ್ಟದ ಮೇಲಿನ ಕಾಡು ಕೆಳಗಿನ ರೈತನಿಗೆ ನೀರು ಕೊಡುತ್ತದೆ. ಪೂರ್ವದ ರಾನುಮಾಫಾನ ಕಣಿವೆಯ ಗದ್ದೆಗಳಿಗೂ, ಪಶ್ಚಿಮದ ಒಣನೆಲದ ಮಂಡ್ರಾರೆಗೆ ಸೇರುವ ಕೆಲವು ಉಪನದಿಗಳಿಗೂ ಮೂಲ ಆ ಬೆಟ್ಟಗಳೇ. ಕಾಡಿನ ಬೆಲೆಯನ್ನು ನೀರಿನ ಲೆಕ್ಕದಲ್ಲಿ ಕಟ್ಟಿ, ನೀರು ಬಳಸುವವರಿಂದ ಪಡೆದು, ಕಾಡಂಚಿನಲ್ಲಿ ಕೈಕಟ್ಟಿ ಕುಳಿತವನಿಗೆ ಕೊಡಬೇಕು. ಕ್ಯಾಮರಾ ಹಿಡಿದು ಬರುವವನ ಟಿಕೇಟಿನ ಮೇಲೆ ಒಬ್ಬ ರೈತನ ಸಂಸಾರವನ್ನು ನಿಲ್ಲಿಸುವುದು ನ್ಯಾಯವಲ್ಲ. ಸುತ್ತಾಡಲು ಹೋದ ನಾನೂ ಅಂಥ ಒಬ್ಬ ಪ್ರವಾಸಿಯೇ. ನಾನು ಕೊಟ್ಟ ಶುಲ್ಕ ಅವನ ಒಂದು ಹೊತ್ತಿನ ಊಟಕ್ಕೂ ಆಗಿರಲಾರದು. ಬಡ ದೇಶದಲ್ಲಿ ನೀರಿಗೆ ಬೆಲೆ ಕೊಡುವವರು ಎಲ್ಲಿದ್ದಾರೆ ಎಂದು ಆಕ್ಷೇಪಿಸಬಹುದು. ಕತ್ತಾಳೆಯ ಕಂಪನಿಗಳಿವೆ, ಗಣಿಯಿದೆ, ಬಂದರಿದೆ. ಕೊಡಬಲ್ಲವರು ಯಾರು ಎಂದು ಹುಡುಕಲು ಬಹಳ ಕಷ್ಟಪಡಬೇಕಾಗಿಲ್ಲ.

ನಮ್ಮ ಕಡೆಗೆ ಬಂದರೆ ಲೆಕ್ಕ ಇನ್ನೂ ಸ್ಪಷ್ಟ. ತುಂಗೆ, ಭದ್ರೆ, ಹೇಮಾವತಿ, ಕಾವೇರಿ ಹುಟ್ಟುವುದು ನಮ್ಮ ಮಳೆಸೀಮೆಯಲ್ಲಿ. ಗದ್ದೆಗೆ, ಕಬ್ಬಿಗೆ, ಬೆಂಗಳೂರಿನ ನಲ್ಲಿಗೆ ಹೋಗುವುದು ಬಯಲಿಗೆ. ನಮ್ಮ ಸೊಪ್ಪಿನಬೆಟ್ಟ, ಕಾನು, ದೇವರಕಾಡು, ತೋಟದ ತಲೆಯಲ್ಲಿ ಕಡಿಯದೆ ಬಿಟ್ಟ ಹಳ್ಳದಂಚು, ಇವೆಲ್ಲ ಸರ್ಕಾರದ ನಕ್ಷೆಯಲ್ಲಿ ಸಂಧಿಯ ಪಟ್ಟಿಗಳು, ಅಂದೊಹಹೇಲದ ಆ 500 ಹೆಕ್ಟೇರಿನಂತೆ. ದೊಡ್ಡ ಕಾಡನ್ನು ಅರಣ್ಯ ಇಲಾಖೆ ನೋಡುತ್ತದೆ, ತೋಟವನ್ನು ನಾವು ನೋಡುತ್ತೇವೆ, ನಡುವಿನ ಈ ಚೂರುಗಳನ್ನು ನೋಡುವವರಿಲ್ಲ. ಗಾಡ್ಗೀಳ್ ವರದಿ ಬೇಕೋ ಬೇಡವೋ ಎಂದು ವರ್ಷವರ್ಷವೂ ಜಗಳವಾಡುವುದಕ್ಕಿಂತ, ಇಂತಿಷ್ಟು ಒರತೆಯ ನೆತ್ತಿಯನ್ನು ನಾವು ಕಾಯುತ್ತೇವೆ, ಅದರ ಬಾಬ್ತು ನಮಗೇನು ಕೊಡುತ್ತೀರಿ ಎಂದು ಕೇಳುವುದು ಮೇಲು. ಅಂಕಿಅಂಶ ಕೈಯಲ್ಲಿಲ್ಲದೆ ಹಾಗೆ ಕೇಳಲು ಬರುವುದಿಲ್ಲ. ಬರೀ ಭಾಷಣಕ್ಕೆ ಯಾವ ಇಲಾಖೆಯೂ ಉತ್ತರ ಕೊಡುವುದಿಲ್ಲ ಎಂಬುದು ಕಾರ್ಯದರ್ಶಿಯಾಗಿ ನಾನು ಚೆನ್ನಾಗಿ ಬಲ್ಲೆ.

ಆದುದರಿಂದ ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ಒಂದು ಪುಟದ ನಮೂನೆಯನ್ನು ಸಿದ್ಧಪಡಿಸಿದ್ದೇವೆ. ತಮ್ಮ ಹಿಡುವಳಿಯಲ್ಲಿ ಅಥವಾ ಬೆಟ್ಟದಲ್ಲಿ ಎಷ್ಟು ಒರತೆಗಳಿವೆ, ಯಾವ ತಿಂಗಳವರೆಗೆ ಹರಿಯುತ್ತವೆ, ಹತ್ತು ವರ್ಷದ ಹಿಂದೆ ಯಾವ ತಿಂಗಳವರೆಗೆ ಹರಿಯುತ್ತಿದ್ದುವು, ಒರತೆಯ ಮೇಲೆ ಎಷ್ಟು ಎಕರೆ ಕಾಡುಮರ ಉಳಿದಿದೆ, ಇಷ್ಟೇ ಪ್ರಶ್ನೆಗಳು. ಕಂದಾಯದ ಪಹಣಿಗೂ ಇದಕ್ಕೂ ಸಂಬಂಧವಿಲ್ಲ. ಒತ್ತುವರಿಯ ವಿಷಯ ಇದರಲ್ಲಿ ಕೇಳಿಲ್ಲ, ಯಾರೂ ಅಂಜಬೇಕಾಗಿಲ್ಲ. ನಮೂನೆ ಸಂಘದ ಕಚೇರಿಯಲ್ಲಿಯೂ ಗೊಬ್ಬರ ಡಿಪೋದಲ್ಲಿಯೂ ದೊರೆಯುತ್ತದೆ. ಬರೆಯಲು ತೊಂದರೆಯಿರುವ ಹಿರಿಯರಿಗೆ ನಮ್ಮ ಗುಮಾಸ್ತರು ಬರೆದುಕೊಡುತ್ತಾರೆ. ಕೊಯ್ಲು ಶುರುವಾದ ಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲವಾದ್ದರಿಂದ, ಅದಕ್ಕೆ ಮೊದಲೇ ತುಂಬಿ ತಲುಪಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ